ಒದ್ದೆ ಬುಟ್ಟಿಯಲ್ಲಿ ಬರುವ ರೋಗ

ಇವತ್ತು ರಾಜಕಾರಣ ಬೇಡ, ಕೆರೆಯ ವಿಚಾರ ಮಾತಾಡೋಣ.

ಸ್ವೀಡನ್ನಿನಲ್ಲಿ ಆಗಸ್ಟ್ ಬಂತೆಂದರೆ ಕ್ರೇಫಿಶ್ ಹಬ್ಬ. ಸಿಗಡಿಯಂಥ ಮೈ, ಏಡಿಯಂಥ ಇಕ್ಕಳ ಇರುವ ಸಿಹಿನೀರಿನ ಜೀವಿ ಅದು. ಜನ ಸಂಜೆ ಮೀನಿನ ತುಂಡು ಇಟ್ಟ ಬುಟ್ಟಿಯನ್ನ ಕೆರೆಗೆ ಇಳಿಸ್ತಾರೆ, ಬೆಳಗ್ಗೆ ಎತ್ತುತ್ತಾರೆ. ನಮ್ಮ ಸಬ್ಬಸಿಗೆ ಸೊಪ್ಪು ಇದೆಯಲ್ಲ, ಅದನ್ನೇ ಹಾಕಿ ಬೇಯಿಸಿ, ಮನೆಮಂದಿಯೆಲ್ಲ ಕೂತು ತಿಂತಾರೆ.

1907ರಲ್ಲಿ ಆ ದೇಶಕ್ಕೆ ಕ್ರೇಫಿಶ್ ಪ್ಲೇಗ್ ಬಂತು. ಬೂಷ್ಟಿನಂಥ ಸೂಕ್ಷ್ಮಜೀವಿಯಿಂದ ಬರುವ ರೋಗ. ಹೊಕ್ಕ ಕೆರೆಗಳಲ್ಲಿ ಸ್ಥಳೀಯ ತಳಿ ಸತ್ತುಹೋಯಿತು. 1960ರ ದಶಕದಲ್ಲಿ ಅಮೆರಿಕದ ಸಿಗ್ನಲ್ ಕ್ರೇಫಿಶ್ ತರಿಸಿ ಬಿಟ್ಟರು. ಅದು ಈ ರೋಗಕ್ಕೆ ಸುಲಭವಾಗಿ ಸಾಯಲ್ಲ. ಆದರೆ ರೋಗವನ್ನ ಮೈಯಲ್ಲೇ ಹೊತ್ತು ತಿರುಗುತ್ತೆ! ಅದು ಹೋದಲ್ಲೆಲ್ಲ ಪ್ಲೇಗೂ ಹೋಯಿತು. 2016ರಲ್ಲಿ ಐರೋಪ್ಯ ಒಕ್ಕೂಟ ಅದನ್ನ ಅಪಾಯಕಾರಿ ಪರಕೀಯ ಜೀವಿಗಳ ಪಟ್ಟಿಗೆ ಸೇರಿಸಿತು.

ಹಿಡಿದು ತಿಂದು ಮುಗಿಸಿದರಾಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಮುಗಿಯಲ್ಲ ಸ್ವಾಮಿ. ಬುಟ್ಟಿಗೆ ಬೀಳೋದು ಹೆಚ್ಚಾಗಿ ದೊಡ್ಡವು. ಮರಿಗಳು ಉಳಿದು ಮತ್ತೆ ಬೆಳೀತಾವೆ. ರುಚಿ ಹತ್ತಿದವರು ಜೀವಂತ ಒಯ್ದು ತಮ್ಮೂರ ಕೆರೆಗೆ ಬಿಟ್ಟರಂತೂ ಅಲ್ಲಿಯ ತಳಿಯ ಕಥೆ ಮುಗೀತು. ಅಷ್ಟೂ ಬೇಡ, ಒಂದು ಒದ್ದೆ ಬುಟ್ಟಿ ಸಾಕು, ರೋಗ ಇನ್ನೊಂದು ಕೆರೆ ಸೇರುತ್ತೆ. ಹಾಗಾಗಿ ಬುಟ್ಟಿ ಪೂರ್ತಿ ಒಣಗಿಸಬೇಕು, ಹಿಡಿದದ್ದನ್ನ ಬೇರೆ ನೀರಿಗೆ ಬಿಡಬಾರದು.

ನಮ್ಮಲ್ಲೂ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ, ಆದರೂ ಕೆರೆಗಳಲ್ಲಿ ಸಿಗುತ್ತೆ. ಕೆರೆಗೆ ಬಿಡೋಕೆ ಒಂದು ನಿಮಿಷ ಸಾಕು. ವಾಪಸ್ ತೆಗೆಯೋಕೆ ಯಾರಿಂದಲೂ ಆಗ್ತಿಲ್ಲ.