ಕಣಿಲೆಗೆ ಮೂರು ದಿನದ ನೀರು

೨೦೧೮ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಘಟ್ಟದ ತರಕಾರಿಯನ್ನೇ ನಂಬಿದ ನಮಗೆ ಆಗ ಹಿತ್ತಿಲು ನೆನಪಾಯಿತು. ಆಟಿ ತಿಂಗಳ ಉಪ್ಪಿನಂಗಡಿಯಲ್ಲಿ ಹಿತ್ತಿಲೆಂದರೆ ಕೆಸು, ತಜಂಕ್ ಸೊಪ್ಪು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಎಲ್ಲಕ್ಕಿಂತ ರುಚಿ ಬಿದಿರಿನ ಮೊಳಕೆ, ಅಂದರೆ ಕಣಿಲೆ.

ಕಣಿಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸುವುದು ಇಲ್ಲಿನ ವಾಡಿಕೆ. ಅಜ್ಜಿಯ ಮಡಿ ಎಂದು ನಗುವ ಮಕ್ಕಳೇ, ಕೇಳಿ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಹೆಚ್ಚಿದಾಗ ಜೀವಕೋಶಗಳು ಒಡೆದು, ಗಿಡದ್ದೇ ಕಿಣ್ವ ಅದರೊಡನೆ ಬೆರೆತು ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಹೌದು, ಪತ್ತೇದಾರಿ ಕಾದಂಬರಿಯ ಅದೇ ಸಯನೈಡ್! ಅದು ನೀರಿನಲ್ಲಿ ಕರಗುತ್ತದೆ. ಅದರ ಕುದಿಬಿಂದು ಸುಮಾರು ೨೬ ಡಿಗ್ರಿ ಸೆಲ್ಸಿಯಸ್ ಮಾತ್ರ. ಆದ್ದರಿಂದಲೇ ತೆಳ್ಳಗೆ ಹೆಚ್ಚುವುದು, ನೀರು ಚೆಲ್ಲುವುದು, ಮುಚ್ಚಳ ತೆರೆದು ಚೆನ್ನಾಗಿ ಕುದಿಸಿ ಆ ನೀರನ್ನೂ ಬಸಿಯುವುದು.

ಪೇಟೆಯಿಂದ ತಂದ ಹಸಿ ಕಣಿಲೆಯನ್ನು ಅಂದೇ ಕುಕ್ಕರಿಗೆ ಹಾಕುವ ಅವಸರ ತಾಯಂದಿರಿಗೆ ಬೇಡ. ನೆನೆಸಿದ ನೀರನ್ನು ದನದ ಕಲಗಚ್ಚಿಗೂ ಸುರಿಯಬೇಡಿ. ಮೂರನೆಯ ದಿನ ಮೊಳಕೆ ಬಂದ ಹೆಸರುಕಾಳು, ತೆಂಗಿನಕಾಯಿ ಮಸಾಲೆ ಸೇರಿಸಿ ಗಸಿ ಮಾಡಿ. ಕುಚ್ಚಲಕ್ಕಿ ಗಂಜಿಗೆ ಬೇರೇನೂ ಬೇಡ.