ಹುಟ್ಟು ಹಿಡಿದ ಹೊಸಬರ ಹರಕೆ

ನಮ್ಮ ಮೈಸೂರು ಸೀಮೆಯವರಿಗೆ ನದಿ ದಾಟುವುದೆಂದರೆ ನೆನಪಾಗುವುದು ಹರಿಗೋಲು. ತಲಕಾಡಿನಲ್ಲಾಗಲಿ ಶ್ರೀರಂಗಪಟ್ಟಣದಲ್ಲಾಗಲಿ ನಾವು ಅದರಲ್ಲಿ ಸುಮ್ಮನೆ ಕುಳಿತರೆ ಸಾಕು. ದಾಟಿಸುವ ಹೊಣೆ ಅಂಬಿಗನದು. ಕಯಾಕ್ ಎಂಬ ಕಿರಿದೋಣಿಯಲ್ಲಿ ಈ ಸೌಕರ್ಯವಿಲ್ಲ. ಉತ್ತರ ಧ್ರುವದ ಸಮೀಪದ ಇನ್ಯೂಟ್ ಜನರು ಬೇಟೆಗೆಂದು ಚರ್ಮ ಹೊದಿಸಿ ಕಟ್ಟಿಕೊಂಡ ಈ ದೋಣಿಯಲ್ಲಿ ಕುಳಿತವನೇ ಅಂಬಿಗ. ಕಾಲು ಮುಂದಕ್ಕೆ ಚಾಚಿ, ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರಿಗಿಳಿಸುತ್ತ ಅವನು ಸಾಗಬೇಕು.

ಇಂಥ ಹುಟ್ಟನ್ನು ಎಂದೂ ಹಿಡಿಯದವರು, ಯಾವುದೋ ಆಸ್ಪತ್ರೆಗೋ ಅನಾಥ ಮಕ್ಕಳಿಗೋ ಹಣ ಕೂಡಿಸಲೆಂದು ಇನ್ನೂರು ಕಿಲೋಮೀಟರ್ ದೋಣಿ ನಡೆಸುವೆವೆಂದು ಪಣ ತೊಟ್ಟರೆ ಅದನ್ನು ಸಾಹಸವೆನ್ನಬೇಕೆ, ಹುಚ್ಚೆನ್ನಬೇಕೆ? ಇಂಗ್ಲೆಂಡಿನ ಒಂದು ಸ್ಪರ್ಧೆಯ ಕಥೆ ಇದಕ್ಕೆ ಉತ್ತರ ಹೇಳೀತು.

1948ರಲ್ಲಿ ಡಿವೈಜಸ್ ಎಂಬ ಊರಿನ ರಾಯ್ ಕುಕ್ ಎಂಬವರು ಒಂದು ಸವಾಲು ಹಾಕಿದರು. ಊರಿನ ಸ್ಕೌಟ್ ತರುಣರು ಕಾಲುವೆ ಹಾಗೂ ಥೇಮ್ಸ್ ನದಿಯ ಮಾರ್ಗವಾಗಿ 100 ಗಂಟೆಗಳೊಳಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮುಟ್ಟಿದರೆ ಸ್ಕೌಟ್ ನಿಧಿಗೆ 20 ಪೌಂಡು. ಅನ್ನಾಹಾರವೆಲ್ಲ ದೋಣಿಯಲ್ಲೇ ಇರಬೇಕು; ದಾರಿಯಲ್ಲಿ ಯಾರ ನೆರವನ್ನೂ ಪಡೆಯಕೂಡದು. ಆ ವರ್ಷದ ಈಸ್ಟರ್ ರಜೆಯಲ್ಲಿ ನಾಲ್ವರು ತರುಣರು 89 ಗಂಟೆ 50 ನಿಮಿಷಗಳಲ್ಲಿ ಗುರಿ ಸೇರಿದರು. 1950ರಿಂದ ಅದು ಸ್ಪರ್ಧೆಯಾಯಿತು.

ದೂರ 125 ಮೈಲಿ. ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಹೆಚ್ಚು ಕಡಿಮೆ ಅರ್ಧ ದಾರಿ ಹಿಂತಿರುಗಿದಷ್ಟು. ದಾರಿಯಲ್ಲಿ ನೀರಿನ ಮಟ್ಟವನ್ನು ಏರಿಳಿಸುವ 77 ಜಲದ್ವಾರಗಳಿವೆ. ಅವು ಬಂದಾಗಲೆಲ್ಲ ದೋಣಿಯನ್ನು ದಡಕ್ಕೆತ್ತಿ, ಹೊತ್ತು ನಡೆದು, ಮತ್ತೆ ನೀರಿಗಿಳಿಸಬೇಕು. ಕೊನೆಯ 17 ಮೈಲಿಗಳಲ್ಲಿ ಸಮುದ್ರದ ಉಬ್ಬರವಿಳಿತಗಳ ಪ್ರಭಾವವಿರುವುದರಿಂದ, ಟೆಡಿಂಗ್‌ಟನ್ ಎಂಬಲ್ಲಿಗೆ ಇಳಿತದ ಹೊತ್ತಿಗೆ ಸರಿಯಾಗಿ ಬರಬೇಕು, ತಪ್ಪಿದರೆ ಕಾಯಬೇಕು. 1979ರಲ್ಲಿ ಇಬ್ಬರು ನುರಿತವರು ಈ ದೂರವನ್ನು ಎಲ್ಲಿಯೂ ತಂಗದೆ 15 ಗಂಟೆ 34 ನಿಮಿಷಗಳಲ್ಲಿ ಕ್ರಮಿಸಿದರು. ಹೊಸಬರಿಗಾದರೋ ಒಂದು ಹಗಲೂ ಒಂದು ರಾತ್ರಿಯೂ ಸಾಲದೆ ಹೋಗಬಹುದು.

ಹೊಸಬನು ಮೊದಲು ಕಲಿಯಬೇಕಾದದ್ದು ತೋಳಿನ ಬಲದಿಂದ ದೋಣಿ ಸಾಗದು ಎಂಬುದನ್ನು. ಪಾದವನ್ನೊತ್ತಿ, ಸೊಂಟದಿಂದ ಮೇಲಿನ ಮೈಯನ್ನೆಲ್ಲ ತಿರುಗಿಸಿ ಹುಟ್ಟನ್ನು ಎಳೆಯಬೇಕು. ಬರಿಯ ತೋಳನ್ನು ನಂಬಿದವನ ಮಣಿಕಟ್ಟು ಕೆಲವೇ ಗಂಟೆಗಳಲ್ಲಿ ಊದಿಕೊಳ್ಳುತ್ತದೆ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಎರಡನೆಯದು, ದೋಣಿಯ ಆಯ್ಕೆ. ಕಿರಿದಾದ ದೋಣಿ ವೇಗವಾಗಿ ಓಡುತ್ತದೆ, ಬೇಗನೆ ಮಗುಚುತ್ತದೆ. ತುಸು ಅಗಲವಾದದ್ದು ನಿಧಾನವಾದರೂ ನಂಬಿಕೆಯದು. ಮೂರನೆಯದು, ರಾತ್ರಿಯ ಚಳಿ. ಒದ್ದೆ ಬಟ್ಟೆಯಲ್ಲಿ ದಣಿದ ದೇಹ ತಣ್ಣಗಾದರೆ ಮೊದಲು ಕೆಡುವುದು ವಿವೇಕ. ಆದುದರಿಂದ ಹಸಿವಾಗುವ ಮೊದಲೇ ಆಗಾಗ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಇವೆಲ್ಲ ತಿಂಗಳುಗಟ್ಟಲೆ ಅಭ್ಯಾಸದಿಂದ ಬರುವಂಥವು, ಉತ್ಸಾಹದಿಂದ ಬರುವಂಥವಲ್ಲ.

ಇಷ್ಟು ಕಷ್ಟಕ್ಕೂ ದಾನಕ್ಕೂ ಏನು ಸಂಬಂಧವೆಂದು ಕೇಳಬಹುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವವರನ್ನು ಕಂಡಿರುವ ನಮಗೆ ಇದು ಹೊಸದಲ್ಲ. ಮೈಯ ಶ್ರಮವನ್ನು ಮಾತಿಗೆ ಸಾಕ್ಷಿಯಾಗಿ ಇಡುವುದೇ ಹರಕೆ. ದೋಣಿಯವನು ತನ್ನ ಶ್ರಮವನ್ನು ಪರರಿಗಾಗಿ ಒತ್ತೆಯಿಡುತ್ತಾನೆ. ನೆರೆಹೊರೆಯವರು ಅದನ್ನು ಕಂಡು ಕೈಬಿಚ್ಚುತ್ತಾರೆ.

ಆದರೆ ಒಂದು ಎಚ್ಚರಿಕೆಯನ್ನು ನಾನು ಒತ್ತಿ ಹೇಳಬಯಸುತ್ತೇನೆ. ಗುರಿ ಮುಟ್ಟಿದರೆ ಮಾತ್ರ ಹಣವೆಂಬ ಕರಾರು ಒಳ್ಳೆಯದಲ್ಲ. ಹಾಗಾದಾಗ ರೋಗಿಯ ಔಷಧಿ ದೋಣಿಯವನ ಮಣಿಕಟ್ಟನ್ನು ನೆಚ್ಚಿಕೊಂಡಿರುತ್ತದೆ. ನಿಲ್ಲಿಸಬೇಕಾದ ಹೊತ್ತಿನಲ್ಲಿ ಅವನು ನಿಲ್ಲಿಸಲಾರ. ಕಾವೇರಿಗೆ ನೆರೆ ಬಂದ ದಿನ ನಮ್ಮ ಅಂಬಿಗನು ಹರಿಗೋಲನ್ನು ದಡದ ಮೇಲೆ ಬೋರಲು ಹಾಕುತ್ತಾನೆ. ಅವನನ್ನು ಹೇಡಿಯೆಂದು ಯಾರೂ ಕರೆಯುವುದಿಲ್ಲ; ಅವನ ವಿದ್ಯೆಯಲ್ಲಿ ಅದೂ ಒಂದು ಭಾಗ.

ಆದಕಾರಣ ಕೊಡುವವರು ಮೊದಲೇ ಕೊಟ್ಟುಬಿಡಲಿ. ನಡೆಸುವವರು ಅದಕ್ಕೆ ಪ್ರತಿಯಾಗಿ ಗೆಲುವನ್ನಲ್ಲ, ಸಿದ್ಧತೆಯನ್ನು ಸಲ್ಲಿಸಲಿ: ಹಲವು ತಿಂಗಳ ಬೆಳಗುಗಳನ್ನು, ಕಲಿತ ಈಜನ್ನು, ಹಿಂತಿರುಗುವ ವಿವೇಕವನ್ನು. ಇಷ್ಟನ್ನು ತೆತ್ತವನು ಅರ್ಧ ದಾರಿಯಲ್ಲಿ ದಡ ಹತ್ತಿದರೂ ಅವನ ಹರಕೆ ಸಂದಿತೆಂದೇ ನಾನು ತಿಳಿಯುತ್ತೇನೆ.