ಸೌಂಡ್ ಡ್ರೈವರ್: ಬಫರ್ ಲೆಕ್ಕ ಒಂದೇ ಕಡೆ ಇರಲಿ

ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಡು ಹಾಕಿದಾಗ ಪ್ಲೇಯರಿಗೂ ಸೌಂಡ್ ಕಾರ್ಡಿಗೂ ನಡುವೆ ಒಂದು ಬಫರ್ ಇರುತ್ತದೆ. ಪ್ಲೇಯರ್ ಅದನ್ನು ತುಂಬುತ್ತಾ ಹೋಗುತ್ತದೆ. ಮೆಮೊರಿಯನ್ನು ನೇರವಾಗಿ ಓದುವ ಹಾರ್ಡ್‌ವೇರ್ ಆದ ಡಿಎಂಎ ಅದನ್ನು ಓದುತ್ತಾ ಕೊನೆ ಮುಟ್ಟಿ, ಮತ್ತೆ ಮೊದಲಿಗೆ ಬರುತ್ತದೆ. ಆ ಕೊನೆ ಎಲ್ಲಿದೆ ಎಂದು ಡಿಎಂಎಗೆ ತಿಳಿಸುವುದು ಡ್ರೈವರಿನ ಕೆಲಸ. ಈ ಒಂದು ಸಂಖ್ಯೆ ತಪ್ಪಿದರೆ ಹಾಡು ಕೆಡುತ್ತದೆ.

ತಪ್ಪಿಗೆ ಮುಖ್ಯ ಕಾರಣ ಎರಡು ಅಳತೆಗಳು. ಲಿನಕ್ಸಿನ ಧ್ವನಿ ವ್ಯವಸ್ಥೆಯಾದ ಆಲ್ಸಾ ಫ್ರೇಮ್‌ಗಳಲ್ಲಿ ಎಣಿಸುತ್ತದೆ. ಡಿಎಂಎ ಸಾಮಾನ್ಯವಾಗಿ ಬೈಟ್‌ಗಳಲ್ಲಿ ಎಣಿಸುತ್ತದೆ. ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಕೊಳಗದಲ್ಲಿ ಅಳೆದ ಹಾಗೆ.

ಅಳತೆಗಳ ಪರಿಚಯ

ಒಂದು ಚಾನೆಲ್‌ನ ಒಂದು ಕ್ಷಣದ ಮೌಲ್ಯ ಸ್ಯಾಂಪಲ್. ಅದೇ ಕ್ಷಣದ ಎಲ್ಲ ಚಾನೆಲ್‌ಗಳ ಸ್ಯಾಂಪಲ್ ಸೇರಿ ಒಂದು ಫ್ರೇಮ್. ಹಾರ್ಡ್‌ವೇರ್ ಒಮ್ಮೆ ಇಂಟರಪ್ಟ್ ಕೊಟ್ಟು ಮತ್ತೆ ಕೊಡುವವರೆಗಿನ ಫ್ರೇಮ್‌ಗಳ ಗುಂಪು ಪೀರಿಯಡ್. ಹಲವು ಪೀರಿಯಡ್ ಸೇರಿ ಬಫರ್.

16 ಬಿಟ್ ಸ್ಟೀರಿಯೊದಲ್ಲಿ ಒಂದು ಫ್ರೇಮಿಗೆ 4 ಬೈಟ್. 1024 ಫ್ರೇಮ್‌ಗಳ ಪೀರಿಯಡ್ಡಿಗೆ 4096 ಬೈಟ್. ನಾಲ್ಕು ಪೀರಿಯಡ್‌ಗಳ ಬಫರಿಗೆ 16384 ಬೈಟ್. ಸೆಕೆಂಡಿಗೆ 48000 ಫ್ರೇಮ್‌ಗಳಂತೆ ಆ ಬಫರಿನಲ್ಲಿರುವುದು ಸುಮಾರು 85 ಮಿಲಿಸೆಕೆಂಡಿನ ಸದ್ದು.

ಕೈಲೆಕ್ಕ ಎಲ್ಲಿ ಕೈಕೊಡುತ್ತದೆ?

‘ಫ್ರೇಮ್ × ಚಾನೆಲ್ × 2’ ಎಂದು ಬರೆದ ಡ್ರೈವರ್ 16 ಬಿಟ್ ಇರುವವರೆಗೆ ಸರಿಯಾಗಿಯೇ ನಡೆಯುತ್ತದೆ. ಮುಂದೆ ಯಾರೋ 24 ಬಿಟ್ ಸೇರಿಸುತ್ತಾರೆ. ಒಂದು ಬಗೆಯ 24 ಬಿಟ್ ಸ್ಯಾಂಪಲ್ 3 ಬೈಟ್ ಹಿಡಿದರೆ, ಇನ್ನೊಂದು ಬಗೆಯದು 4 ಬೈಟ್ ಹಿಡಿಯುತ್ತದೆ. ಎರಡನೆಯದರಲ್ಲಿ ನಮ್ಮ ಬಫರಿಗೆ ಬೇಕಾದದ್ದು 32768 ಬೈಟ್; ಹಳೆಯ ಲೆಕ್ಕ ಹೇಳುವುದು 16384. ಡಿಎಂಎ ಅರ್ಧಕ್ಕೇ ಹಿಂದಿರುಗುತ್ತದೆ, ಉಳಿದರ್ಧ ಸ್ಪೀಕರಿಗೆ ಬರುವುದೇ ಇಲ್ಲ.

ಐಎಂಎ ಎಡಿಪಿಸಿಎಂ ಎಂಬ ಫಾರ್ಮ್ಯಾಟಿನಲ್ಲಿ ಸ್ಯಾಂಪಲ್ ಬರೀ 4 ಬಿಟ್. ಪೂರ್ಣಾಂಕ ಗಣಿತದಲ್ಲಿ ಅದನ್ನು ಬೈಟಿಗೆ ತರಲು ಮೊದಲೇ 8ರಿಂದ ಭಾಗಿಸಿದರೆ ಸಿಗುವುದು ಸೊನ್ನೆ. ಆಲ್ಸಾ ಫ್ರೇಮಿನ ಗಾತ್ರವನ್ನು ಬಿಟ್‌ಗಳಲ್ಲಿ ಇಟ್ಟುಕೊಂಡು, ಮೊದಲು ಗುಣಿಸಿ ಆಮೇಲೆ ಭಾಗಿಸುವುದರಿಂದ ಈ ತೊಡಕು ಅಲ್ಲಿಲ್ಲ.

ಸರಳಗೊಳಿಸುವ ಬಗೆ

ಈ ಲೆಕ್ಕಗಳಿಗೆ ಆಲ್ಸಾದಲ್ಲೇ ಸಿದ್ಧ ಫಂಕ್ಷನ್‌ಗಳಿವೆ. ಫ್ರೇಮಿನಿಂದ ಬೈಟಿಗೆ ‘ಫ್ರೇಮ್ಸ್_ಟು_ಬೈಟ್ಸ್’, ಬೈಟಿನಿಂದ ಫ್ರೇಮಿಗೆ ‘ಬೈಟ್ಸ್_ಟು_ಫ್ರೇಮ್ಸ್’. ಇಡೀ ಬಫರ್ ಎಷ್ಟು ಬೈಟ್ ಎಂದು ಕೇಳಲು ‘ಎಸ್ಎನ್‌ಡಿ_ಪಿಸಿಎಂ_ಲಿಬ್_ಬಫರ್_ಬೈಟ್ಸ್’. ಪೀರಿಯಡ್ಡಿಗೂ ಇಂಥದೇ ಒಂದಿದೆ. ಡ್ರೈವರಿನಲ್ಲಿ ಚಾನೆಲ್ ಸಂಖ್ಯೆಯಿಂದ ಗುಣಿಸಿದ, 8ರಿಂದ ಭಾಗಿಸಿದ ಸಾಲುಗಳನ್ನು ಹುಡುಕಿ, ಅಲ್ಲಿ ಇವುಗಳನ್ನು ಕೂರಿಸಿ.

ಹಾಗೆ ಮಾಡುವಾಗ ಎರಡು ಕಡೆ ಜಾಗ್ರತೆ ಬೇಕು. ಒಂದು, ‘ಎಚ್‌ಡಬ್ಲ್ಯು_ಪ್ಯಾರಮ್ಸ್’ ಹಂತದಲ್ಲಿ ಹೊಸ ಫಾರ್ಮ್ಯಾಟಿನ ವಿವರ ಈ ಫಂಕ್ಷನ್‌ಗಳು ನೋಡುವ ‘ರನ್‌ಟೈಮ್’ಗೆ ಇನ್ನೂ ಸೇರಿರುವುದಿಲ್ಲ. ಆದ್ದರಿಂದ ಅಲ್ಲಿ ‘ಪ್ಯಾರಮ್ಸ್_ಬಫರ್_ಬೈಟ್ಸ್’ ಬಳಸಬೇಕು. ಮೇಲಿನವು ‘ಪ್ರಿಪೇರ್’ ಹಂತದಿಂದ ಮುಂದಕ್ಕೆ. ಇನ್ನೊಂದು, ‘ಪಾಯಿಂಟರ್’ ಫಂಕ್ಷನ್ ಹಿಂದಿರುಗಿಸಬೇಕಾದದ್ದು ಫ್ರೇಮ್‌ಗಳನ್ನು. ಹಾರ್ಡ್‌ವೇರ್ ಕೊಟ್ಟ ಬೈಟ್ ಸಂಖ್ಯೆಯನ್ನು ಹಾಗೆಯೇ ಕೊಟ್ಟರೆ ಓದುವ ಜಾಗ ಆಲ್ಸಾಗೆ ತಪ್ಪಾಗಿ ಕಾಣುತ್ತದೆ.

ಬದಲಾವಣೆಯ ನಂತರ ‘ಸ್ಪೀಕರ್-ಟೆಸ್ಟ್’ ಓಡಿಸಿ, 16 ಮತ್ತು 32 ಬಿಟ್ ಎರಡರಲ್ಲೂ ಕೇಳಿ. ‘ಎಚ್‌ಡಬ್ಲ್ಯು’ ಸಾಧನವನ್ನೇ ನೇರವಾಗಿ ಆರಿಸಿ. ಇಲ್ಲವಾದರೆ ನಡುವಿನ ತಂತ್ರಾಂಶ ಫಾರ್ಮ್ಯಾಟ್ ಬದಲಿಸಿಕೊಟ್ಟು ತಪ್ಪನ್ನು ಮುಚ್ಚಿಬಿಡಬಹುದು.

ಹೀಗೆ ತಿದ್ದಿದ ಕೋಡಿನಲ್ಲಿ ಸಾಲುಗಳು ಕಡಿಮೆಯಾಗುತ್ತವೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ನಾಳೆ ಹೊಸ ಫಾರ್ಮ್ಯಾಟ್ ಸೇರಿಸುವವರು ಬಫರ್ ಲೆಕ್ಕದ ಸಾಲನ್ನು ಮುಟ್ಟಬೇಕಾಗಿಯೇ ಬರುವುದಿಲ್ಲ.